ಮೂಲೆ ಇಲ್ಲದ ಹೊಲ

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ವಿಜಾಪುರದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಉಳಿದ ಹೊತ್ತಿನಲ್ಲಿ, ಎಲ್ಲರಿಗೂ ಮೊದಲೇ ಗೊತ್ತಿದ್ದ ಒಂದು ಸಂಗತಿಯ ಮೇಲೆ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಸಂಶೋಧನೆ ಮಾಡುತ್ತಿದ್ದೆ. ಒಂದೇ ಉದ್ದದ ಬೇಲಿಯಿಂದ ಸುತ್ತಬಹುದಾದ ಹೊಲಗಳಲ್ಲೆಲ್ಲ ದುಂಡು ಹೊಲವೇ ದೊಡ್ಡದು ಎಂಬುದು ಆ ಸಂಗತಿ. ಗಣಿತದವರು ಅದನ್ನು ಸಮಪರಿಧಿ ಅಸಮತೆ ಎಂದು ಕರೆದು, ನಾನು ಹುಟ್ಟುವ ಎಷ್ಟೋ ಮೊದಲೇ ಸಾಧಿಸಿ ಮುಗಿಸಿದ್ದರು. ನನ್ನ ಪಾಲಿಗೆ ಉಳಿದದ್ದು ಅದರ ಬಾಲ. ಒಂದು ಹೊಲದ ವಿಸ್ತಾರ ದುಂಡು ಹೊಲದ ವಿಸ್ತಾರಕ್ಕೆ ತೀರ ಸಮೀಪ ಬಂದರೆ, ಅದರ ಆಕಾರವೂ ದುಂಡಿಗೆ ಸಮೀಪ ಬಂದಿರಲೇಬೇಕೇ? ಬಂದಿದ್ದರೆ ಎಷ್ಟು ಸಮೀಪ? "ಬಂದಿರಬೇಕು" ಎಂದು ದಾರಿಯಲ್ಲಿ ಹೋಗುವವರೂ ಹೇಳಿಬಿಡುತ್ತಾರೆ. "ಎಷ್ಟು" ಎಂಬುದರ ಮೇಲೆ ನಾನು ಐದು ವರ್ಷ ಕಳೆದಿದ್ದೆ.

ಇದನ್ನು ಒಮ್ಮೆ ಅಮ್ಮ ರೊಟ್ಟಿ ಬಡಿಯುತ್ತ ಪೂರ್ತಿ ಕೇಳಿಸಿಕೊಂಡಳು. ಹಿಟ್ಟಿನ ಉಂಡೆ ಅವಳ ಅಂಗೈ ಕೆಳಗೆ ತಿರುಗುತ್ತ ತಿರುಗುತ್ತ ದುಂಡಗೆ ಅಗಲವಾಗುತ್ತಿತ್ತು. "ಇದನ್ನ ತಿಳ್ಕೊಳ್ಳಾಕ ಧಾರವಾಡಕ್ಕ ಯಾಕ ಹೋಗ್ತಿಬೇ? ಒಲಿ ಮುಂದ ಕೂಡು, ನಾನ ಹೇಳ್ತೀನಿ" ಎಂದಳು.

ನನ್ನ ವಿಷಯವನ್ನು ಮನ್ನಿಸಿದವನು ನನ್ನ ತಂದೆ, ಅಬ್ಬಾ, ಒಬ್ಬನೇ. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅವನದು ತಗಡಿನ ಕೆಲಸದ ಅಂಗಡಿ. ಬಕೀಟು, ಲಾಳಿಕೆ, ಟ್ರಂಕು, ಕಾಳು ತುಂಬುವ ಡಬ್ಬಿ ಮಾಡುತ್ತಿದ್ದ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವನು ನನ್ನ ಪ್ರಮೇಯವನ್ನು ಒಂದೇ ಏಟಿಗೆ ಒಪ್ಪಿಕೊಂಡು, ಮರುಕ್ಷಣವೇ ತಕರಾರು ತೆಗೆದ. "ದುಂಡಗಿದ್ರ ಹೆಚ್ಚು ಹಿಡಿತೈತಿ, ಖರೆ ಮಾತು. ಆದ್ರ ತಗಡು ಚೌಕ ಬರ್ತೈತಲ್ಲ? ತಳಾ ಕತ್ತರಿಸಿದ ಮ್ಯಾಲ ಉಳದ ತುಂಡು ಏನ್ ಮಾಡ್ತಿ?" ನನ್ನ ಪ್ರಬಂಧದಲ್ಲಿ ಉಳಿದ ತುಂಡುಗಳ ಬಗ್ಗೆ ಅಧ್ಯಾಯ ಇರಲಿಲ್ಲ.

ಧಾರವಾಡದಲ್ಲಿದ್ದ ನನ್ನ ಮಾರ್ಗದರ್ಶಕರು ಯಾವ ತಕರಾರನ್ನೂ ತೆಗೆಯುತ್ತಿರಲಿಲ್ಲ. ಎರಡು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಇಡೀ ದಿನ ಅಲುಗಾಡಿ ಹೋಗಿ ನಾನು ಒಪ್ಪಿಸಿದ ಹಾಳೆಗಳ ಮೇಲೆ ಅವರು ಗಾಜಿನ ಗುಂಡು ಇಡುತ್ತಿದ್ದರು. ಮುಂದಿನ ಸಲ ಗುಂಡನ್ನು ಎತ್ತಿ, ಹಾಳೆಗಳನ್ನು ಇಟ್ಟಂತೆಯೇ ವಾಪಸು ಕೊಟ್ಟು, "ಇನ್ನಷ್ಟು ಬಿಗಿ ಮಾಡ್ರಿ" ಎನ್ನುತ್ತಿದ್ದರು. ಐದು ವರ್ಷದಲ್ಲಿ ಈ ಮೂರು ಶಬ್ದಗಳ ಕ್ರಮವೂ ಬದಲಾಗಲಿಲ್ಲ.

ಕಾಲೇಜಿನಲ್ಲಿ ಪ್ರತಿ ವರ್ಷ ಒಂದು ಪ್ರಗತಿ ವರದಿ ತುಂಬಿ ಕೊಡಬೇಕಿತ್ತು. ಅದರ ಕೊನೆಯಲ್ಲಿ "ಸಮಾಜಕ್ಕೆ ಪ್ರಯೋಜನ" ಎಂಬ ಕಲಮು. ಮೊದಲ ವರ್ಷ ನಾನು "ಇಲ್ಲ" ಎಂದು ಬರೆದೆ. ಫಾರ್ಮು ಕೆಂಪು ಗೆರೆ ಹೊತ್ತು ವಾಪಸು ಬಂತು. ಮರುವರ್ಷ "ಸದ್ಯಕ್ಕೆ ಇಲ್ಲ" ಎಂದು ಬರೆದೆ. ಅದೂ ಬಂತು. ಮೂರನೆಯ ವರ್ಷ ಸಿಟ್ಟಿನಲ್ಲಿ "ರೈತರಿಗೆ ಬೇಲಿಯಲ್ಲಿ ಉಳಿತಾಯ" ಎಂದು ಗೀಚಿದೆ. ಪ್ರಿನ್ಸಿಪಾಲರು ನನ್ನನ್ನು ಕೋಣೆಗೆ ಕರೆಸಿ ಚಹಾ ಕುಡಿಸಿದರು. ಅಲ್ಲಿಂದ ಮುಂದೆ ಪ್ರತಿ ವರ್ಷ ಅದೇ ಸಾಲನ್ನು ನಕಲು ಮಾಡುತ್ತ ಬಂದೆ. ಅವರು ಅದನ್ನು ನಂಬಿದ್ದಾರೆಂದು ನನಗೆ ಗೊತ್ತಾದದ್ದು, ಒಂದು ದಿನ ಅವರ ಕೋಣೆಯಲ್ಲಿ ಬಬಲೇಶ್ವರದ ಕಡೆಯ ಒಬ್ಬ ಶಾಲಾ ಮಾಸ್ತರರು ಕೂತಿದ್ದಾಗ.

ಮಾಸ್ತರರು ಪ್ರಿನ್ಸಿಪಾಲರ ಹಳೆಯ ಶಿಷ್ಯರು. "ಇವರ ನೋಡ್ರಿ, ಬೇಲಿ ಮ್ಯಾಲ ರಿಸರ್ಚ್ ಮಾಡಾಕತ್ತವ್ರು" ಎಂದು ಪ್ರಿನ್ಸಿಪಾಲರು ನನ್ನನ್ನು ಪರಿಚಯಿಸಿದರು. ಮಾಸ್ತರರು ಎದ್ದು ನಿಂತು ಕೈಮುಗಿದು ತಮ್ಮ ಕತೆ ಹೇಳಿದರು.

ಅವರ ಊರು ಬಬಲೇಶ್ವರದಿಂದ ಜೈನಾಪುರದ ಕಡೆಗೆ ಹೋಗುವ ದಾರಿಯಲ್ಲಿತ್ತು. ಊರಿಗೆ ಹೈಸ್ಕೂಲು ಬೇಕು, ಹೈಸ್ಕೂಲಿಗೆ ಜಾಗ ಬೇಕು. ಎಲ್ಲರೂ ಕೂಡಿ ಊರ ಗೌಡರನ್ನು ಕೇಳಿದ್ದರು. ಗೌಡರ ಅಂಗಳದಲ್ಲಿ ಹಳೆಯ ಬೇಲಿಯಿಂದ ಬಿಚ್ಚಿದ ಮುಳ್ಳುತಂತಿಯ ಸುರುಳಿಗಳು ಬಿದ್ದಿದ್ದವು. ಚಾವಡಿಯಲ್ಲಿ ಊರೆಲ್ಲ ಕೇಳುವಂತೆ ಗೌಡರು ಹೇಳಿದ್ದರು: "ನನ್ನ ಅಂಗಳದಾಗಿನ ತಂತಿ ಒಂದ ಸುತ್ತು ಎಷ್ಟು ಜಾಗಾ ಸುತ್ತತೈತಿ, ಅಷ್ಟು ಸಾಲಿಗಿ ಕೊಟ್ಟೆ." ಜನ ಚಪ್ಪಾಳೆ ಹೊಡೆದರು. ಮರುದಿನ ಗೌಡರ ಆಳುಗಳು ಹಳ್ಳದ ದಂಡೆಗುಂಟ ಗೂಟ ಬಡಿದರು. ಉದ್ದ ಮುನ್ನೂರು ಹೆಜ್ಜೆ, ಅಗಲ ಇಪ್ಪತ್ತು.

"ತಂತಿ ಪೂರಾ ಖರ್ಚಾಗತೈತ್ರಿ ಬಾಯಾರ. ಮಾತು ತಪ್ಪಿಲ್ಲ" ಎಂದರು ಮಾಸ್ತರರು. "ಆದ್ರ ಅಲ್ಲೆ ಸಾಲಿ ಕಟ್ಟಿದ್ರ ಹುಡುಗ್ರು ಒಬ್ಬರ ಹಿಂದ ಒಬ್ಬರು ಕೂಡಬೇಕಾಗತೈತಿ. ಎಲ್ಲೋ ಮೋಸ ಆಗೇತಿ, ಎಲ್ಲಿ ಅಂತ ತಿಳೀವಲ್ದು."

ನಾನು ಪ್ರಿನ್ಸಿಪಾಲರ ಟಪ್ಪಾಲಿನ ಲಕೋಟೆಯ ಬೆನ್ನ ಮೇಲೆ ಲೆಕ್ಕ ಹಾಕಿದೆ. ಗೌಡರ ಪಟ್ಟಿ ಎಕರೆಗೂ ಕಡಿಮೆ. ಅದೇ ತಂತಿಯನ್ನು ದುಂಡಗೆ ಸುತ್ತಿದರೆ ನಾಲ್ಕೂವರೆ ಎಕರೆಗೂ ಮಿಕ್ಕಿ. ಐದರಷ್ಟಕ್ಕಿಂತ ಹೆಚ್ಚು! ಗೌಡರು ನನ್ನ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ತಲೆಕೆಳಗಾಗಿ ಬಲ್ಲವರಾಗಿದ್ದರು, ಅಷ್ಟೇ.

ಬಂದ ಭಾನುವಾರ ಅಬ್ಬಾನ ಜೊತೆ ಬಬಲೇಶ್ವರದ ಬಸ್ಸು ಹತ್ತಿದೆ. ಹೆಣ್ಣುಮಗಳು ಒಬ್ಬಳೇ ಗೌಡರ ಮುಂದೆ ಹೋಗಿ ನಿಲ್ಲುವುದು ಅಮ್ಮನಿಗೆ ಸರಿಬರಲಿಲ್ಲ. ನನ್ನ ಚೀಲದಲ್ಲಿ ಆರು ಹಾಳೆ ಸಮೀಕರಣ. ಅಬ್ಬಾನ ಚೀಲದಲ್ಲಿ ಕತ್ತರಿ ಮತ್ತು ಒಂದು ತಗಡಿನ ಪಟ್ಟಿ.

ಚಾವಡಿಯಲ್ಲಿ ನಾನು ನನ್ನ ಮೊದಲ ಹಾಳೆ ಓದುವಷ್ಟರಲ್ಲಿ ಇಬ್ಬರು ಆಕಳಿಸಿದರು, ಒಬ್ಬರು ತಂಬಾಕು ತಿಕ್ಕತೊಡಗಿದರು. ಗೌಡರು ನನ್ನ ಕಡೆ ನೋಡದೆ ಅಬ್ಬಾನಿಗೆ ಕೇಳಿದರು: "ಸಾಹೇಬ್ರ, ನಿಮ್ಮ ಮಗಳು ಏನ್ ಹೇಳಾಕತ್ತಾಳ್ರಿ?"

ಅಬ್ಬಾ ಎದ್ದ. ತಗಡಿನ ಪಟ್ಟಿಯ ಎರಡು ತುದಿ ಕೂಡಿಸಿ ಮಡಿಚಿ, ಗೌಡರು ಕೊಟ್ಟ ಜಾಗದ ಹಾಗೆ ಉದ್ದಕ್ಕೆ ಸಪಾಟು ಮಾಡಿ ಕಟ್ಟೆಯ ಮೇಲೆ ನಿಲ್ಲಿಸಿದ. ಒಂದು ಬುಟ್ಟಿ ಜೋಳ ತರಿಸಿ, ಅದರೊಳಗೆ ತುಂಬಿದ. ಎರಡು ಹಿಡಿಗೆ ಅದು ತುಂಬಿ ಚೆಲ್ಲಿತು. ಕಾಳು ತೆಗೆದು, ಅದೇ ತಗಡನ್ನು ಎರಡೂ ಕೈಯಿಂದ ತಿದ್ದಿ ದುಂಡಗೆ ಮಾಡಿ ಮತ್ತೆ ತುಂಬಿದ. ಐದು, ಆರು, ಏಳು. ತಂಬಾಕು ತಿಕ್ಕುತ್ತಿದ್ದವರು ಕೈ ನಿಲ್ಲಿಸಿ ಎಣಿಸತೊಡಗಿದರು. ಹತ್ತು ಹಿಡಿ ದಾಟಿದ ಮೇಲೆ ತಗಡು ತುಂಬಿತು. ನನ್ನ ಉಳಿದ ಐದು ಹಾಳೆಗಳು ಚೀಲದಿಂದ ಹೊರಗೆ ಬರಲೇ ಇಲ್ಲ.

ಗೌಡರು ಮೀಸೆಯಲ್ಲೇ ನಕ್ಕು, "ನಾ ತಂತಿ ಮಾತು ಕೊಟ್ಟೇನಿ. ಆಕಾರದ ಮಾತು ಕೊಟ್ಟಿಲ್ಲ" ಎಂದರು.

"ಹಂಗಾದ್ರ ಆಕಾರ ನಮಗ ಬಿಡ್ರಿ ಗೌಡ್ರ" ಎಂದರು ಮಾಸ್ತರರು.

ಊರೆಲ್ಲ ಕೂತಿತ್ತು. ಗೌಡರು ಹೂಂ ಎನ್ನದೆ ಬೇರೆ ದಾರಿ ಇರಲಿಲ್ಲ. ಹೂಂ ಎಂದರು.

ದಂಡೆಯಲ್ಲಿ ಅಷ್ಟು ಅಗಲ ಇಲ್ಲದ್ದರಿಂದ, ಅವತ್ತೇ ಮಧ್ಯಾಹ್ನ ಹಳ್ಳದ ಈಚೆಗಿದ್ದ ಗೌಡರ ಎರೆಹೊಲದ ನಡುವೆ ಗೂಟ ಹುಗಿದು, ಬಾವಿಯ ಹಗ್ಗಗಳನ್ನು ಒಂದಕ್ಕೊಂದು ಗಂಟು ಹಾಕಿ, ಅದರ ತುದಿ ಹಿಡಿದು ಸುತ್ತ ನಡೆದೆವು. ಕರಿಹಲಗೆಯ ಮೇಲೆ ಸಾವಿರ ವರ್ತುಲ ಎಳೆದವಳು ನಾನು. ನೆಲದ ಮೇಲೆ ಎಳೆದ ಮೊದಲನೆಯದು ಹಗ್ಗ ಜಗ್ಗಿ ಹಿಗ್ಗಿದ್ದರಿಂದ ಹೊರಟಲ್ಲಿಗೆ ಒಂದೂವರೆ ಹೆಜ್ಜೆ ತಪ್ಪಿ ಬಂದು ನಿಂತಿತು. ಹೆಚ್ಚುಕಡಿಮೆ ದುಂಡಗಿನ ಹೊಲ, ನನ್ನ ಐದು ವರ್ಷದ ಪ್ರಶ್ನೆ, ಚಪ್ಪಲಿಯ ಕೆಳಗೆ ಬಿದ್ದಿತ್ತು. ನಾನು ಅದನ್ನು ನೋಡಿ ಉಬ್ಬಿಹೋದೆ. ಅಬ್ಬಾ ಬಗ್ಗಿ ಗೆರೆ ತಿದ್ದಿದ.

ಗೌಡರು ಮಣಿದ ಮೇಲೆ ಸರಕಾರ ಉಳಿದಿತ್ತು. ದಾನದ ಜಾಗ ದಾಖಲೆಗೆ ಏರಬೇಕಾದರೆ ಮೋಜಣಿ ಆಗಬೇಕು. ಹದಿನೈದು ದಿನದ ಮೇಲೆ ಸರ್ವೆಯರ್ ಬರುತ್ತಾರೆಂದು ಮಾಸ್ತರರು ಕಾಗದ ಬರೆದರು. ಅಬ್ಬಾ ಮತ್ತು ನಾನು ಮತ್ತೆ ಹೋದೆವು. ಸರಪಳಿ, ಛತ್ರಿ, ಫಾರ್ಮು ಹಿಡಿದಿದ್ದ ಆ ಮನುಷ್ಯ ಗೆರೆಯ ಸುತ್ತ ಒಂದು ಸಲ ಪೂರ್ತಿ ನಡೆದು ಬಂದು ಕೇಳಿದ:

"ಮೂಲಿ ಎಷ್ಟ್ರಿ?"

"ಮೂಲಿ ಇಲ್ರಿ" ಎಂದೆ.

"ಇಲ್ಲ ಅಂದ್ರ ಹೆಂಗ? ಬರಕೋಬೇಕಲ್ರಿ."

"ಸೊನ್ನಿ ಅಂತ ಬರಕೋರಿ."

"ಸೊನ್ನಿ ಮೂಲಿ ಅಂದ್ರ ಹೊಲಾನ ಇಲ್ಲ ಅಂದಂಗಾತು. ಮೂಲಿ ಇಲ್ಲದ ಹೊಲ ನಮ್ಮ ಇಲಾಖೆದಾಗ ಇಲ್ರಿ. ಗಡಿ ಎಲ್ಲಿ ತಿರುಗತೈತಿ, ಅಲ್ಲಿ ಕಲ್ಲು ಹುಗೀಬೇಕು. ಇದು ಎಲ್ಲೆಲ್ಲಿ ತಿರುಗತೈತಿ ಹೇಳ್ರಿ."

"ಎಲ್ಲಾ ಕಡೆ ತಿರುಗತೈತ್ರಿ."

"ಹಂಗಾದ್ರ ಎಷ್ಟು ಕಲ್ಲು?"

"ಎಣಿಸಾಕ ಬರೂದಿಲ್ಲ."

ಆತ ಛತ್ರಿ ಮಡಚಿ ಅಬ್ಬಾನ ಕಡೆ ತಿರುಗಿದ. "ಸಾಹೇಬ್ರ, ಮಗಳಿಗೆ ಮೈಯಾಗ ಆರಾಮ ಐತೇನ್ರಿ?"

ಆಮೇಲೆ ಚೌಕಾಶಿ ಶುರುವಾಯಿತು. ಆತ ನಾಲ್ಕು ಕಲ್ಲು ಎಂದ. ತಂತಿ ಅಷ್ಟೇ ಇಟ್ಟು ಚೌಕ ಮಾಡಿದರೆ ಶಾಲೆಗೆ ಒಂದು ಎಕರೆ ಹೋಗುತ್ತಿತ್ತು. ನಾನು ನೂರು ಕಲ್ಲು ಎಂದೆ. ಆತ ತನ್ನ ಜೀವಮಾನದಲ್ಲಿ ಒಂದೇ ಹೊಲಕ್ಕೆ ನೂರು ಕಲ್ಲು ಕಂಡಿಲ್ಲ ಎಂದ. ಕೊನೆಗೆ ಫಾರ್ಮು ತೋರಿಸಿದ. ಮೂಲೆಗಳ ಅಳತೆ ಬರೆಯಲು ಅದರಲ್ಲಿ ಎಂಟೇ ಸಾಲು ಅಚ್ಚಾಗಿದ್ದವು. "ಎಂಟಕ್ಕ ಹತ್ತು ಗುಂಟೆ ಹೋಗತೈತ್ರಿ. ಹನ್ನೆರಡು ಮಾಡಿದ್ರ ನಾಕ ಗುಂಟೆ ಹೋಗತೈತಿ" ಎಂದು ಅಂಗಲಾಚಿದೆ.

"ಹನ್ನೆರಡಕ್ಕ ಇನ್ನೊಂದು ಹಾಳಿ ಹಚ್ಚಬೇಕು. ಹಾಳಿ ಹಚ್ಚಾಕ ಮ್ಯಾಲಿನವರ ಅಪ್ಪಣಿ ಬೇಕು. ಅಪ್ಪಣಿ ಬರೂತನಕ ಗೌಡ್ರ ಮನಸ್ಸು ಹಿಂಗ ಇರತೈತೇನ್ರಿ?"

ಎಂಟು ಕಲ್ಲು ಹುಗಿದರು. ಇಡೀ ಜಗತ್ತಿನ ಆಕಾರಗಳಲ್ಲಿ ಶ್ರೇಷ್ಠವಾದದ್ದು ಒಂದು ಅಚ್ಚಿನ ಫಾರ್ಮಿಗೆ ಹತ್ತು ಗುಂಟೆ ಕೊಟ್ಟು ಅಷ್ಟಕೋನವಾಯಿತು.

ವಾಪಸು ಬರುವ ಬಸ್ಸಿನಲ್ಲಿ ನಾನು ಮುಖ ಗಂಟಿಕ್ಕಿಕೊಂಡು ಕೂತಿದ್ದೆ. ಅಬ್ಬಾ ನಿದ್ದೆ ಹೋಗಿದ್ದ. ನಾಲ್ಕಕ್ಕೆ ಒಂದು ಎಕರೆ, ಎಂಟಕ್ಕೆ ಹತ್ತು ಗುಂಟೆ, ಹನ್ನೆರಡಕ್ಕೆ ನಾಲ್ಕು ಎಂದು ನಷ್ಟವನ್ನು ಮನಸ್ಸಿನಲ್ಲಿ ಎಣಿಸುತ್ತಿದ್ದಾಗ, ಇದೇ ದಾರಿ ಎಂದು ಹೊಳೆಯಿತು. ಐದು ವರ್ಷ ನಾನು ಎಲ್ಲ ಆಕಾರಗಳನ್ನೂ ಒಮ್ಮೆಗೇ ಬಾಚಿ ಹಿಡಿಯಲು ಹೋಗಿ ಕೈ ಖಾಲಿ ಮಾಡಿಕೊಂಡಿದ್ದೆ. ಮೊದಲು ಕಲ್ಲಿನ ಸಂಖ್ಯೆ ಗೊತ್ತುಮಾಡಿ, ಅಷ್ಟೇ ಕಲ್ಲಿನ ಹೊಲಗಳಲ್ಲಿ ನಷ್ಟ ಎಷ್ಟು, ಸೊಟ್ಟ ಎಷ್ಟು ಎಂದು ಸಾಧಿಸಿ, ಆಮೇಲೆ ಕಲ್ಲು ಹೆಚ್ಚಿಸುತ್ತ ಹೋದರೆ? ಎದ್ದು ಕುಣಿಯಬೇಕೆನಿಸಿತು. ಮುಂದಿನ ಸೀಟಿನಲ್ಲಿ ಕೋಳಿ ಹಿಡಿದ ಮುದುಕಿ ಇದ್ದಳು, ಕುಣಿಯಲಿಲ್ಲ. ಮೂರು ವಾರದಲ್ಲಿ, ಬೆಳಿಗ್ಗೆ ಕಾಲೇಜಿಗೆ ಮುಂಚೆ ಅಬ್ಬಾನ ಅಂಗಡಿಯ ಬಡಿತದ ನಡುವೆ ಕೂತು, ಪ್ರಮೇಯದ ಸಾಧನೆಯನ್ನು ಬರೆದು ಮುಗಿಸಿದೆ.

ಮಾರ್ಗದರ್ಶಕರು ಮೊದಲ ಬಾರಿಗೆ ನನ್ನ ಹಾಳೆ ಓದಿದರು. ಹುಬ್ಬು ಮೇಲೆ ಹೋಯಿತು. "ಈ ಕಲ್ಲು ಎಲ್ಲಿಂದ ಬಂದ್ವು?"

ನಡೆದದ್ದನ್ನು ಹೇಳಿದೆ. ಪ್ರಬಂಧದ ಕೊನೆಗೆ ಸರ್ವೆಯರ್‌ಗೆ ಕೃತಜ್ಞತೆ ಬರೆದದ್ದನ್ನೂ ತೋರಿಸಿದೆ. "ಕಲ್ಲು ತೆಗೀರಿ, ವರ್ಟೆಕ್ಸ್ ಅಂತ ಬರೀರಿ" ಎಂದರು. ಸರ್ವೆಯರ್ ಇದ್ದ ಸಾಲನ್ನು ಹೊಡೆದುಹಾಕಿ, ಆ ಜಾಗದಲ್ಲಿ ವಿಭಾಗದ ಮುಖ್ಯಸ್ಥರನ್ನು ಕೂಡಿಸಿದರು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು "ಇದರಿಂದ ಏನು ಉಪಯೋಗ?" ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಮಾರ್ಗದರ್ಶಕರು, ತಮ್ಮ ವಿಭಾಗ ಗ್ರಾಮೀಣ ಭಾಗದಲ್ಲಿ ಕೈಗೊಂಡ ಪ್ರಯೋಗವನ್ನು ಹತ್ತು ನಿಮಿಷ ವಿವರಿಸಿದರು. ಬಬಲೇಶ್ವರ ಯಾವ ದಿಕ್ಕಿಗಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಪದವಿ ಸಿಕ್ಕಿತು.

ಹೈಸ್ಕೂಲಿನ ಅಡಿಗಲ್ಲಿನ ದಿನ ಗೌಡರು ಭಾಷಣ ಮಾಡಿದರು. ಭೂಮಿ ದುಂಡಗಿದೆ, ಸೂರ್ಯ ದುಂಡಗಿದ್ದಾನೆ, ಆದ್ದರಿಂದ ವಿದ್ಯೆಯ ಜಾಗವೂ ದುಂಡಗಿರಬೇಕೆಂದು ತಮಗೆ ಮೊದಲಿನಿಂದಲೂ ಅನಿಸಿತ್ತು ಎಂದರು. ಆಮಂತ್ರಣ ಪತ್ರಿಕೆಯಲ್ಲಿ ನಾನು ಹೆಸರಿಲ್ಲದೆ, ಬರೀ "ವಿಜಾಪುರದ ಬಾಯಾರು" ಎಂದು ಮಹಿಳಾ ಮಂಡಳದ ಕೆಳಗೆ ಅಚ್ಚಾಗಿದ್ದೆ. ನನಗೊಂದು ತೆಂಗಿನಕಾಯಿ, ಕುಪ್ಪಸದ ಕಣ ಕೊಟ್ಟರು. ಅವನ್ನು ಮಡಿಲಲ್ಲಿಟ್ಟುಕೊಂಡು ಕೈಕಟ್ಟಿ ಕೂತೆ. ಪಕ್ಕದಲ್ಲಿ ಅಬ್ಬಾ ಮಾತ್ರ ಗೌಡರಿಗೆ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದ.

"ಯಾಕ ಹೊಡಿತಿ ಅಬ್ಬಾ? ಸುಳ್ಳು ಹೇಳಾಕತ್ತಾನ" ಎಂದೆ.

"ಹೇಳ್ಲಿ ಬಿಡು. ತಾನ ಕೊಟ್ಟೇನಿ ಅಂತ ಹೇಳ್ದಾವ ಇನ್ನ ವಾಪಸ್ ಕೇಳೂದಿಲ್ಲ" ಎಂದ.

ಪದವಿ ಬಂದ ಸುದ್ದಿ ತಿಕೋಟಾದಲ್ಲಿದ್ದ ನನ್ನ ಮಾಮಾನವರೆಗೂ ಹೋಯಿತು. ಅವನು ಆಗತಾನೇ ದ್ರಾಕ್ಷಿ ಹಚ್ಚುವ ಹುಮ್ಮಸ್ಸಿನಲ್ಲಿದ್ದ. ಬೇಲಿಯ ಡಾಕ್ಟರು ಮನೆಯಲ್ಲೇ ಇರುವಾಗ ಬೇರೆಯವರನ್ನು ಕೇಳುವುದೇಕೆಂದು ನನ್ನನ್ನು ಕರೆಸಿದ. ನಾನು ಹೆಮ್ಮೆಯಿಂದ ಹೋಗಿ, ತೋಟವನ್ನು ದುಂಡಗೆ ಮಾಡಿದರೆ ಬೇಲಿ ಎಷ್ಟು ಉಳಿಯುತ್ತದೆ ಎಂದು ನೆಲದ ಮೇಲೆ ಬರೆದು ತೋರಿಸಿದೆ. ಮಾಮಾ ಗೌರವದಿಂದ ಪೂರ್ತಿ ಕೇಳಿದ.

"ಬರೋಬ್ಬರಿ ಐತಿ. ಆದ್ರ ಬಳ್ಳಿ ಸಾಲಿಗೆ ನಡೀತಾವಬೇ. ದುಂಡಗ ಮಾಡಿದ್ರ ಒಂದ ಸಾಲು ಉದ್ದ, ಒಂದ ಸಾಲು ಗಿಡ್ಡ. ನೀರು ಹೆಂಗ ಬಿಡಲಿ? ಮತ್ತ ಸುತ್ತ ಉಳದ ಮೂಲಿ ಯಾರಿಗಿ ಕೊಡ್ಲಿ, ಬಾಜೂಕಿನವಗೇನು?"

ನಾನು ತೋಟದ ಬದುವಿನ ಮೇಲೆ ನಿಂತು ಬಹಳ ಹೊತ್ತು ಯೋಚಿಸಿದೆ. ಆಮೇಲೆ, ಚೌಕವೇ ಇರಲಿ ಎಂದು ಹೇಳಿದೆ. ಮಾಮಾ ಮೊದಲೇ ನಾಲ್ಕೂ ಮೂಲೆಗೆ ಕಲ್ಲಿನ ಕಂಬ ನಿಲ್ಲಿಸಿ ಆಗಿತ್ತು.