ಇನ್ನೇನು ಮುಗೀತು

ಆಪರೇಷನ್ ಥಿಯೇಟರಿನ ಆ ಆಯಾಳನ್ನು ಎಲ್ಲರೂ ಮುಗೀತಮ್ಮ ಎಂದೇ ಕರೆಯುತ್ತಿದ್ದರು. ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ ಬೆನ್ನುಮೂಳೆಯ ಡಿಸ್ಕಿಗೆ ನಡೆಸುವ ಆಪರೇಷನ್ನಿಗೆ ಸೊಂಟದ ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ರೋಗಿ ಎಚ್ಚರವಾಗಿಯೇ ಇರಬೇಕು. ನರಕ್ಕೆ ಉಪಕರಣ ತಾಕಿದರೆ ಕೂಗಿ ಹೇಳುವವರು ಬೇರೆ ಯಾರು? ಬೋರಲು ಮಲಗಿ ನಡುಗುವವರ ತಲೆ ಹಿಡಿದು "ಇನ್ನೇನು ಮುಗೀತು, ಇನ್ನೇನು ಮುಗೀತು" ಎನ್ನುವುದು ಅವಳ ಕೆಲಸ. ಆಗಿನ್ನೂ ಅರ್ಧವೂ ಆಗಿರುತ್ತಿರಲಿಲ್ಲ. ನಿಜವಾಗಿ ಮುಗಿದಾಗ ಯಾರೂ ಏನೂ ಹೇಳುವುದಿಲ್ಲ, ಪಟಪಟನೆ ಕೈಗವಸು ಕಳಚುತ್ತಾರೆ.

ರೋಗಿಗಳನ್ನು ಎತ್ತಿ ಎತ್ತಿ ಅವಳ ಸೊಂಟವೇ ಬಿದ್ದುಹೋಯಿತು. ಈಗ ಅದೇ ಮೇಜಿನ ಮೇಲೆ ಅವಳೇ ಬೋರಲು ಮಲಗಿದ್ದಳು. ತಲೆ ಹಿಡಿದು ನಿಂತವಳು ಸೊಸೆ. ಅವಳನ್ನು ಕೆಲಸಕ್ಕೆ ಸೇರಿಸಿ, ಆ ಮಾತನ್ನೂ ಕಲಿಸಿದ್ದು ಈ ಅತ್ತೆಯೇ. ಮನೆಯಲ್ಲಿ ಮಾತ್ರ ಇಬ್ಬರದೂ ಎಣ್ಣೆ ಸೀಗೆಕಾಯಿ.

ಎಡಗಾಲಿನುದ್ದಕ್ಕೂ ಬೆಂಕಿ ಹರಿದಂತಾಯಿತು. "ಡಾಕ್ಟ್ರೇ, ಕಾಲು!" ಎಂದು ಚೀರಿದಳು.

"ಹೇಳಿದ್ದು ಒಳ್ಳೇದಾಯ್ತು. ಅಲ್ಲಾಡ್ಬೇಡಿ," ಎಂದರು ಡಾಕ್ಟರು. ಉಪಕರಣ ಹಿಂದೆ ಸರಿದು ಮತ್ತೆ ಒಳಗಿಳಿಯಿತು.

"ಅತ್ತೆ, ಇನ್ನೇನು ಮುಗೀತು," ಎಂದಳು ಸೊಸೆ.

"ನನ್ಹತ್ರಾನೇ ಈ ಸುಳ್ಳಾ? ಬಾಯ್ಮುಚ್ಚೇ!"

ಸೊಸೆ ಬಾಯಿ ಮುಚ್ಚಿದಳು. ಬೇರೆ ಯಾರೂ ಮಾತಾಡಲಿಲ್ಲ. ಮುಗೀತಮ್ಮ ಕಿವಿಗೊಟ್ಟು ಕಾದಳು; ಕೈಗವಸು ಕಳಚುವ ಸದ್ದು ಬರಲೇ ಇಲ್ಲ. ಕಾಲಿಗೆ ಮತ್ತೆ ಬೆಂಕಿ ಹರಿಯಿತು. ಮತ್ತೆ ಚೀರಿದಳು. ಕೈ ತಡಕಾಡಿ ಸೊಸೆಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹೇಳೇ ತಾಯಿ. ಸುಳ್ಳೇ ಆದ್ರೂ ಪರವಾಗಿಲ್ಲ, ಇನ್ನೊಂದ್ಸಲ ಹೇಳೇ."