ಮಾರದೇ ಹೋದ ಎತ್ತು

ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ಚಳ್ಳಕೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ಭಾನುವಾರ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಕಥೆ ಓದಿಸುತ್ತೇನೆ. ವಯಸ್ಸಿಗೆ ಮೀರಿ ಓದುವ ಮಕ್ಕಳು. ಪಠ್ಯಪುಸ್ತಕವನ್ನು ಜೂನ್‌ನಲ್ಲೇ ಮುಗಿಸಿ ವರ್ಷವಿಡೀ ಆಕಳಿಸುವಂಥವು. ಈ ಸಲ ಪ್ರಾಣಿಗಳ ಕಥೆ ಹಿಡಿದಿದ್ದೆವು. ನನ್ನದು ಒಂದೇ ಕಟ್ಟುನಿಟ್ಟು: ಎಷ್ಟು ಬೇಕಾದರೂ ವಾದ ಮಾಡಿ, ಆದರೆ ಪುಸ್ತಕದಲ್ಲಿ ಇಲ್ಲದ್ದನ್ನು ಇದೆ ಎನ್ನಬೇಡಿ. ಅಂದವರ ಕಿವಿ ಹಿಂಡಿದ್ದೂ ಉಂಟು.

ಅವರಲ್ಲೊಬ್ಬಳು ಮೊಳಕಾಲ್ಮುರು ಕಡೆಯ ಹಟ್ಟಿಯಿಂದ ತಾತನ ಜೊತೆ ಬಸ್ಸಿನಲ್ಲಿ ಬರುವ ಹುಡುಗಿ. ತಾತ ಕಿಲಾರಿ, ಅಂದರೆ ದೇವರ ಎತ್ತುಗಳನ್ನು ಕಾಯುವವರು. ಆ ಎತ್ತುಗಳಿಗೆ ನೊಗ ಹೂಡುವಂತಿಲ್ಲ, ಮಾರುವ ಮಾತೇ ಇಲ್ಲ. ಸತ್ತರೆ ಮನೆಯ ಹಿರಿಯರಿಗೆ ಮಾಡಿದಂತೆ ಮಣ್ಣು ಮಾಡುತ್ತಾರೆ. ತಾತನಿಗೆ ಓದು ಬಾರದು. ಇಲ್ಲಿ ಓದಿದ ಕಥೆಯನ್ನೆಲ್ಲ ಮೊಮ್ಮಗಳು ಮನೆಯಲ್ಲಿ ಅವರಿಗೆ ಓದಿ ಹೇಳಬೇಕು. ಆ ಕರಾರಿನ ಮೇಲೆಯೇ ಅವರು ಕರೆತರುತ್ತಿದ್ದುದು. ನಮ್ಮ ಓದು ಮುಗಿಯುವವರೆಗೆ ಪೇಟೆ ಸುತ್ತಿ ಬರುತ್ತಿದ್ದರು. ಆ ಭಾನುವಾರ ಮಂಡಿನೋವೆಂದು ನಮ್ಮ ಜಗಲಿಯ ಮೇಲೇ ಕೂತರು.

ಆ ದಿನದ ಕಥೆಯನ್ನು ನಾನೇ ಗಟ್ಟಿಯಾಗಿ ಓದಿದೆ. ಜೀವಮಾನವಿಡೀ ದುಡಿದ ಎತ್ತು ಮುದಿಯಾಗುತ್ತದೆ. ಯಜಮಾನ ಅದನ್ನು ಸಂತೆಯಲ್ಲಿ ಕಟುಕನಿಗೆ ಮಾರಿ, ಹಗ್ಗವನ್ನಷ್ಟೇ ಹೆಗಲಿಗೆ ಹಾಕಿಕೊಂಡು ಮನೆಗೆ ಬರುತ್ತಾನೆ. "ಈಗ ಎತ್ತು ಯಾರನ್ನು ಬೈಯಬೇಕು?" ಎಂದು ಮಕ್ಕಳನ್ನು ಕೇಳಿದ್ದೆನಷ್ಟೇ, ಬಾಗಿಲಲ್ಲಿ ತಾತ.

"ಎತ್ತು ಮಾರಿದ್ರಾ? ಯಾವ ಹಟ್ಟಿಯೋರ್ರೀ ಅವ್ರು?"

"ಇದು ಬರೀ ಕಥೆ ಕಣಣ್ಣ" ಎಂದೆ.

"ಕಥೆ ಆದ್ರೇನ್ರಿ? ಮಾರೋದನ್ನ ಹುಡುಗ್ರಿಗೆ ಕಲಿಸ್ತೀರಾ? ಏಳವ್ವ, ಹೋಗಾನ. ಇನ್ನ ಇಲ್ಲಿಗೆ ಬರೋದು ಬ್ಯಾಡ."

ಹುಡುಗಿ ಏಳಲಿಲ್ಲ. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಕೊನೆಯ ಪುಟದ ಮೇಲೆ ಬೆರಳಿಟ್ಟು, ಒಂದಿಷ್ಟೂ ತಡವರಿಸದೆ ಓದತೊಡಗಿದಳು: ಯಜಮಾನ ಸಂತೆಯವರೆಗೂ ಹೋದ, ಎತ್ತು ಅವನ ಹೆಗಲು ನೆಕ್ಕಿತು, ಅವನು ಅದನ್ನು ಹೊಡೆದುಕೊಂಡು ವಾಪಸ್ ಬಂದ. ಅದರಲ್ಲಿ ಒಂದಕ್ಷರವೂ ಪುಸ್ತಕದಲ್ಲಿಲ್ಲ! ಉಳಿದ ಮಕ್ಕಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು. ನಾನು ದಂಗಾಗಿಹೋದೆ. ಇಷ್ಟು ಸಲೀಸಾಗಿ ಬರಬೇಕೆಂದರೆ ಇದು ಇವಳಿಗೆ ಮೊದಲ ಸಲವಲ್ಲ. ಹಿಂದಿನ ವಾರಗಳಲ್ಲಿ ನಮ್ಮ ಪಡಸಾಲೆಯಲ್ಲಿ ಸತ್ತ ತೋಳ, ನರಿ, ಬಾವಿಗೆ ಬಿದ್ದ ಕುರಿಮರಿ, ಎಲ್ಲವೂ ಆ ಹಟ್ಟಿಯಲ್ಲಿ ಬದುಕಿಕೊಂಡಿರಬೇಕು.

"ಹಿಂಗೇ ಐತೆ ತಾತ. ಟೀಚರು ತಪ್ಪು ಓದಿಬಿಟ್ರು" ಎಂದು ನನ್ನ ಮುಖ ನೋಡಿದಳು. ಹೆದರಿದ್ದಳು ಪಾಪ.

ತಾತ ನನ್ನ ಕಡೆ ತಿರುಗಿದರು. "ಹೌದೇನ್ರಿ?"

ಪಾಠ ಹೇಳುವಾಗ ಒಂದು ಕಾಮಾ ನುಂಗಿದವರನ್ನೂ ಬಿಟ್ಟವಳಲ್ಲ ನಾನು.

"ಹೌದಣ್ಣ, ಕಣ್ ತಪ್ತು" ಎಂದುಬಿಟ್ಟೆ. ಹೇಳಿದ್ದು ನಾನೇನಾ ಎಂದು ನನಗೇ ಗಾಬರಿಯಾಯಿತು.

ತಾತ ಉಸಿರು ಬಿಟ್ಟು ಗೋಡೆಗೊರಗಿ ಕೂತರು. ನನ್ನನ್ನು ಕನಿಕರದಿಂದ ನೋಡಿದರು.

"ನಿಮಗೂ ವಯಸ್ಸಾತು ಟೀಚರಮ್ಮ" ಎಂದರು. "ಮುಂದಿನ ವಾರದಿಂದ ನಮ್ಮ ಹುಡುಗಿ ಓದ್ಲಿ ಬಿಡ್ರಿ."