ಮೂರು ಬೆರಳಿನ ಸಂದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದರ ಜೊತೆಗೆ ಹೊಸ ಕೆಲಸ, ತಲೆಯ ಮೇಲೊಂದು ಬಿಳಿ ಹೆಲ್ಮೆಟ್ಟು, ಇನ್ನು ಕೇಳಬೇಕೆ! ಕಾನಹೊಸಹಳ್ಳಿಯ ಹತ್ತಿರ ಹೆದ್ದಾರಿಗೆ ಸೇತುವೆ ಕಟ್ಟುತ್ತಿದ್ದ ಗುತ್ತಿಗೆದಾರರ ಬಳಿ ಇಂಜಿನಿಯರ್ ಆಗಿ ಸೇರಿ ನಾಲ್ಕು ತಿಂಗಳಾಗಿತ್ತು. ದಿನಾ ಕೊಟ್ಟೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ.

ಕಂಬದ ತಲೆಯ ಮೇಲೆ ರಬ್ಬರ್ ದಿಂಬು, ಅದರ ಮೇಲೆ ಕಾಂಕ್ರೀಟಿನ ಉದ್ದನೆಯ ತೊಲೆ. ತೊಲೆ ಜಾರಿ ಬೀಳದಂತೆ ಎರಡೂ ಬದಿಗೆ ಒಂದೊಂದು ಗಟ್ಟಿ ದಿಮ್ಮಿ. ತೊಲೆಗೂ ದಿಮ್ಮಿಗೂ ನಡುವೆ ಮೂರು ಬೆರಳಿನಷ್ಟು ಸಂದು ಬಿಟ್ಟಿದ್ದೆವು. ಭೂಮಿ ನಡುಗಿದರೆ ತೊಲೆ ರಬ್ಬರಿನ ಮೇಲೆ ಅತ್ತಿತ್ತ ಸ್ವಲ್ಪ ಸರಿದಾಡಬೇಕು. ಜಾಗವಿಲ್ಲದಿದ್ದರೆ ಪೆಟ್ಟೆಲ್ಲ ನೇರವಾಗಿ ಕಂಬಕ್ಕೇ.

ತೊಲೆಗಳ ಮೇಲೆ ಕಾಂಕ್ರೀಟ್ ಸುರಿಯುವ ಹಿಂದಿನ ದಿನ, ಹೊಳಲು ಕಡೆಯ ಹಿರಿಯ ಮೇಸ್ತ್ರಿಗೆ, "ಆ ಸಂದೆಲ್ಲಾ ಮುಚ್ಚಿಬಿಡ್ರಿ" ಎಂದು ಹೇಳಿ ಬಸ್ಸು ಹಿಡಿದೆ. ಥರ್ಮೋಕೋಲ್ ಹೊದಿಸಲಿ, ಕಾಂಕ್ರೀಟ್ ಒಳಗೆ ಇಳಿಯದಿರಲಿ ಎಂಬುದು ನನ್ನ ಮನಸ್ಸಿನಲ್ಲಿತ್ತು. ಮನಸ್ಸಿನಲ್ಲಿದ್ದರೆ ಆಯಿತೇ? ಮರುದಿನ ಬಂದು ನೋಡುತ್ತೇನೆ, ಒಂದು ಕಂಬದ ಮೇಲಿನ ಸಂದುಗಳಿಗೆಲ್ಲ ಪುಣ್ಯಾತ್ಮರು ಸಿಮೆಂಟು ತುಂಬಿ, ಕರಣೆಯಿಂದ ನುಣ್ಣಗೆ ಸವರಿಟ್ಟಿದ್ದರು!

"ಏನ್ ಮಾಡೀರಿ ಇದು? ಯಾರ್ ಹೇಳಿದ್ರು ನಿಮಗ?" ಎಂದು ಎಲ್ಲರ ಮುಂದೆ ಕೂಗಾಡಿದೆ.

"ಮುಚ್ಚು ಅಂದ್ರಿ ಮೇಡಂ, ಮುಚ್ಚೀನ್ರಿ. ಸಂದು ಬಿಟ್ರ ಹಾವು, ಚೇಳು ಸೇರ್ಕೊಂತಾವು. ಇಷ್ಟು ವರ್ಷ ಯಾವ ಗ್ವಾಡಿಯಾಗೂ ನಾ ಸಂದು ಬಿಟ್ಟಿಲ್ರಿ."

ಗದ್ದಲ ಕೇಳಿ ಗುತ್ತಿಗೆದಾರರು ಬಂದರು. "ನಾ ಹೇಳಿದ್ದ ಬ್ಯಾರೆ, ಇವ್ರು ಮಾಡಿದ್ದ ಬ್ಯಾರೆ" ಎಂದುಬಿಟ್ಟೆ. ಅದು ಸುಳ್ಳೆಂದು ಗೊತ್ತಿದ್ದರೂ ಮಾತು ತಿದ್ದಲಿಲ್ಲ. ಮೇಸ್ತ್ರಿ ನನ್ನ ಮುಖವನ್ನೊಮ್ಮೆ ನೋಡಿ, ಚಾಣ, ಸುತ್ತಿಗೆ ತೆಗೆದುಕೊಂಡು ಕಂಬ ಹತ್ತಿದರು. ಇನ್ನೂ ಪೂರ್ತಿ ಗಟ್ಟಿಯಾಗದ ಸಿಮೆಂಟನ್ನು ಕೆತ್ತಿ ಕೆತ್ತಿ ಕೆಳಗೆ ಉದುರಿಸತೊಡಗಿದರು.

ಮಧ್ಯಾಹ್ನ ಶೆಡ್ಡಿನಲ್ಲಿ ಕುಳಿತು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದೆ. ತಗಡು ಗಡಗಡ ಎಂದಿತು. ಹತ್ತಿರದ ಕಲ್ಲು ಕ್ವಾರಿಯಲ್ಲಿ ಮದ್ದು ಹಾರಿಸಿರಬೇಕು ಅಂದುಕೊಂಡೆ. ಆದರೆ ಅದು ಒಮ್ಮೆ ಢಂ ಎಂದು ಮುಗಿಯುತ್ತದೆ, ಇದು ನಿಲ್ಲಲೊಲ್ಲದು. ಕೊಡದ ನೀರು ತುಳುಕಾಡಿತು. ಹೊರಗೆ ಯಾರೋ "ಭೂಮಿ ನಡುಗಾಕತ್ತೈತಿ, ಓಡ್ರಲೇ!" ಎಂದು ಅರಚಿದರು. ನಾನು ಓಡಿದ್ದು ಕಂಬದ ಕಡೆಗೆ. ಮೇಸ್ತ್ರಿ ಊಟಕ್ಕೂ ಇಳಿಯದೆ ಇನ್ನೂ ಮೇಲೆಯೇ ಇದ್ದರು. ಅವರ ಕೈ ಆ ಸಂದಿನೊಳಗೆ ಇರುತ್ತದೆ, ಅಲ್ಲಿಗೆ ಹತ್ತಿಸಿದವಳು ನಾನು. ಶಿವನೇ, ಅಷ್ಟು ಹೆದರಿಕೆ ನನ್ನ ಜನ್ಮದಲ್ಲೇ ಆಗಿರಲಿಲ್ಲ.

"ಮೇಸ್ತ್ರೀ!" ಎಂದು ಕಿರುಚಿದೆ. ಅಷ್ಟರಲ್ಲಿ ನಡುಕ ನಿಂತಿತ್ತು. ಮತ್ತೊಮ್ಮೆ ಕಿರುಚಿದೆ. ಧೂಳು ಮೆತ್ತಿದ ತಲೆಯೊಂದು ಮೇಲಿನಿಂದ ಇಣುಕಿತು.

"ಇಲ್ಲೇ ಅದೀನ್ರಿ, ಒದರಬ್ಯಾಡ್ರಿ!"

ಜಲ್ಲಿಯ ಗುಡ್ಡೆಯ ಮೇಲೆ ಕುಳಿತು ಗಳಗಳ ಅತ್ತೆ. ಮೇಸ್ತ್ರಿ ಏಣಿ ಇಳಿದು ಬಂದು ಹತ್ತೂ ಬೆರಳು ಬಿಡಿಸಿ ತೋರಿಸಿದರು. ಅಷ್ಟು ಸಣ್ಣ ನಡುಕಕ್ಕೆ ತೊಲೆ ಸರಿದದ್ದು ಕೂದಲೆಳೆಯಷ್ಟೂ ಇರಲಿಕ್ಕಿಲ್ಲ, ಸಿಮೆಂಟು ಹಾಗೇ ಇದ್ದಿದ್ದರೂ ಸೇತುವೆಗೆ ಏನೂ ಆಗುತ್ತಿರಲಿಲ್ಲ. ಅದೆಲ್ಲ ನನಗೆ ಆಮೇಲೆ ಹೊಳೆಯಿತು. ಆಗ ಆ ಹತ್ತು ಬೆರಳು ಕಂಡದ್ದೇ ಸಾಕಾಗಿತ್ತು.

ಗುತ್ತಿಗೆದಾರರೂ ಓಡಿ ಬಂದು ಅಲ್ಲೇ ನಿಂತಿದ್ದರು. ಅವರ ಎದುರಿಗೇ ಹೇಳಿದೆ: "ತಪ್ಪು ನಂದ್ರಿ. ಮುಚ್ಚಂತ ನಾನ ಹೇಳಿದ್ದೆ." ಎದೆ ಹಗುರಾಯಿತು.

ಮೇಸ್ತ್ರಿ ಟವೆಲಿನಿಂದ ಮುಖ ಒರೆಸಿಕೊಂಡರು. "ಈ ಮಾತು ನೀನಾಗಿ ಹೇಳೋತನಕ ಊಟಕ್ಕ ಇಳೀಬಾರದಂತ ಕುಂತಿದ್ನವ್ವಾ, ನೀ ಅಳೋದು ನೋಡಿ ಇಳಿದ್ ಬಂದೆ," ಎಂದರು.